ವಕೀಲರ ಸಣ್ಣ ಕಚೇರಿಗೆ ಇಂಟರ್‌ನೆಟ್‌ನಿಂದ ಹೊಸ ಕಕ್ಷಿದಾರರು: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಇಬ್ಬರು ಜೂನಿಯರ್‌ಗಳು, ಒಬ್ಬರು ಗುಮಾಸ್ತರು ಇರುವ ಕಚೇರಿ ನನ್ನದು. ನಮ್ಮ ಕಚೇರಿಯ ವೆಬ್‌ಸೈಟನ್ನು ನಾನೇ ಕೂತು ಮಾಡಿದ ಮೇಲೆ ಚನ್ನರಾಯಪಟ್ಟಣ, ಸಕಲೇಶಪುರ, ಮೂಡಿಗೆರೆ, ಕಡೂರು ಕಡೆಯ ವಕೀಲ ಮಿತ್ರರು ಒಬ್ಬೊಬ್ಬರಾಗಿ ಕೇಳತೊಡಗಿದರು. ಸಂಘದ ಹಾಲ್‌ನಲ್ಲಿ, ಕ್ಯಾಂಟೀನ್‌ನಲ್ಲಿ, ರಾತ್ರಿ ಹತ್ತು ಗಂಟೆಯ ವಾಟ್ಸಾಪ್‌ನಲ್ಲಿ ಕೇಳಿದವು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಅವರು ಕೇಳಿದ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ.

## ಶುರು ಮಾಡುವ ಮುಂಚೆ

ಮೇಡಂ, ವಕೀಲರು ಜಾಹೀರಾತು ಕೊಡೋ ಹಾಗೇ ಇಲ್ವಲ್ಲ, ವೆಬ್‌ಸೈಟ್ ಮಾಡಿದ್ರೆ ತೊಂದ್ರೆ ಆಗಲ್ವಾ?

ವೆಬ್‌ಸೈಟ್ ಮಾಡಬಹುದು. ಅದರಲ್ಲಿ ಏನು ಇರಬಹುದು ಅನ್ನುವುದಕ್ಕೆ ಗೆರೆ ಇದೆ. ಭಾರತೀಯ ವಕೀಲರ ಪರಿಷತ್ತಿನ (ಬಾರ್ ಕೌನ್ಸಿಲ್ ಆಫ್ ಇಂಡಿಯಾ) ನಿಯಮ 36ರ ಪ್ರಕಾರ ನಾವು ಕೆಲಸ ಕೇಳಿಕೊಂಡು ಹೋಗುವಂತಿಲ್ಲ, ಜಾಹೀರಾತು ಕೊಡುವಂತಿಲ್ಲ. ಸುತ್ತೋಲೆ, ದಲ್ಲಾಳಿ, ಪರಿಚಯವಿಲ್ಲದವರಿಗೆ ಪತ್ರ, ಹೇಳಿ ಬರೆಸಿದ ಪತ್ರಿಕಾ ವರದಿ ಎಲ್ಲವೂ ಆ ನಿಷೇಧದೊಳಗೆ ಬರುತ್ತವೆ. 2008ರಲ್ಲಿ ಇದಕ್ಕೆ ಒಂದು ವಿನಾಯಿತಿ ಸೇರಿತು. ಅದರಂತೆ ವೆಬ್‌ಸೈಟ್‌ನಲ್ಲಿ ಹೆಸರು, ವಿಳಾಸ, ಫೋನ್, ಇಮೇಲ್, ಸನ್ನದು (ವಕೀಲಿ ಪರವಾನಗಿ) ಸಂಖ್ಯೆ ಮತ್ತು ದಿನಾಂಕ, ಯಾವ ರಾಜ್ಯದ ಪರಿಷತ್ತು, ಯಾವ ವಕೀಲರ ಸಂಘದ ಸದಸ್ಯರು, ವಿದ್ಯಾರ್ಹತೆ, ಸಿವಿಲ್ ಕ್ರಿಮಿನಲ್ ಅಂತ ಯಾವ ಯಾವ ಕ್ಷೇತ್ರದ ಕೆಲಸ ಮಾಡುತ್ತೀರಿ ಅನ್ನುವುದನ್ನು ಹಾಕಬಹುದು. ಕೊಟ್ಟ ಮಾಹಿತಿ ನಿಜ ಅಂತ ಘೋಷಣೆಯೂ ಇರಬೇಕು.

ಬೋರ್ಡ್ ವಿಷಯದಲ್ಲಿ ಅದೇ ನಿಯಮ ಇನ್ನೂ ಬಿಗಿ. ಇಂಥ ಕೆಲಸದಲ್ಲಿ ಪರಿಣತ, ಇಂಥ ಸಂಘದ ಅಧ್ಯಕ್ಷ, ಮಾಜಿ ನ್ಯಾಯಾಧೀಶ ಅಂತ ನಾಮಫಲಕದಲ್ಲಿ ಬರೆಯುವ ಹಾಗಿಲ್ಲ. ಬೋರ್ಡ್‌ಗೆ ಸಲ್ಲದ್ದನ್ನು ಮೊಬೈಲ್ ಪರದೆ ಮೇಲೂ ಹಾಕಬೇಡಿ. ತಪ್ಪಿದರೆ 1961ರ ವಕೀಲರ ಕಾಯ್ದೆಯ 35ನೇ ಕಲಂ ಇದೆ: ಛೀಮಾರಿಯಿಂದ ಹಿಡಿದು ಪಟ್ಟಿಯಿಂದ ಹೆಸರು ತೆಗೆಯುವವರೆಗೂ ಶಿಕ್ಷೆ ಹೋಗಬಹುದು.

ನಮ್ಮೂರಲ್ಲಿ ಕಕ್ಷಿದಾರರು ಬರೋದೇ ಬಾಯಿಮಾತಿಂದ. ಫೋನ್ ನೋಡ್ಕೊಂಡು ವಕೀಲರನ್ನ ಹಿಡಿಯೋರು ಯಾರಿದ್ದಾರೆ?

ಬಾಯಿಮಾತಿನಿಂದಲೇ ಬರುತ್ತಾರೆ, ಒಪ್ಪುತ್ತೇನೆ. ಪತ್ರ ಬರಹಗಾರರು ಹೇಳುತ್ತಾರೆ, ಹಿಂದಿನ ಕೇಸಿನ ಕಕ್ಷಿದಾರರ ಭಾವ ಹೇಳುತ್ತಾರೆ, ಸೊಸೈಟಿ ಸೆಕ್ರೆಟರಿ ಹೇಳುತ್ತಾರೆ. ಆದರೆ ಹೆಸರು ಕೇಳಿದವರು ಈಗ ಸೀದಾ ಬಸ್ ಹತ್ತುವುದಿಲ್ಲ. ಮನೆಯಲ್ಲಿ ಓದಿದ ಮಗಳ ಕೈಗೆ ಫೋನ್ ಕೊಟ್ಟು "ಇವರು ಯಾರು, ಆಫೀಸು ಎಲ್ಲಿದೆ ನೋಡು" ಅನ್ನುತ್ತಾರೆ. ಆಗ ನಿಮ್ಮ ಹೆಸರು ಸಿಗದಿದ್ದರೆ, ಸಿಕ್ಕರೂ ಹಳೇ ನಂಬರ್ ಇದ್ದರೆ, ಅವರು ಪಟ್ಟಿಯಲ್ಲಿರುವ ಇನ್ನೊಬ್ಬರಿಗೆ ಕರೆ ಮಾಡುತ್ತಾರೆ. ಹೆಸರು ಹೇಳಿ ಕಳಿಸಿದವರ ಮಾತು ಅಲ್ಲಿಗೆ ವ್ಯರ್ಥ.

ನಮ್ಮ ಕಡೆ ಇಂಟರ್‌ನೆಟ್‌ನ ಮುಖ್ಯ ಕೆಲಸ ಇಷ್ಟೇ: ನಿಮ್ಮ ಹೆಸರು ಹಿಡಿದು ಹೊರಟವರು ದಾರಿ ತಪ್ಪದೆ ನಿಮ್ಮ ಬಾಗಿಲಿಗೆ ಮುಟ್ಟಬೇಕು. ಮುಂದಿನ ಉತ್ತರಗಳೆಲ್ಲ ಇದರ ಮೇಲೇ ನಿಂತಿವೆ.

ಕೈಯಲ್ಲಿ ಐದು ಸಾವಿರ ಇದೆ. ಮೊದಲು ಏನಕ್ಕೆ ಖರ್ಚು ಮಾಡ್ಲಿ?

ನಿಮ್ಮ ಹೆಸರಿನ ಡೊಮೈನ್‌ಗೆ, ಅಂದರೆ ಸೈಟಿನ ವಿಳಾಸಕ್ಕೆ. ಡಾಟ್ ಇನ್ ಹೆಸರಿಗೆ ವರ್ಷಕ್ಕೆ ಸಾವಿರದ ಆಸುಪಾಸು ಆಗುತ್ತದೆ. ಮೂರು ಪುಟದ ಸರಳ ಸೈಟ್ ನಡೆಸಲು ಹೆಚ್ಚಿಗೆ ದುಡ್ಡು ಬೇಡ. ಉಳಿದದ್ದರಲ್ಲಿ ಕಚೇರಿಗೆ ಬೇರೆ ಸಿಮ್, ಒಂದು ಸಾಧಾರಣ ಮೊಬೈಲ್ ತೆಗೆದು ಗುಮಾಸ್ತರ ಮೇಜಿನ ಮೇಲಿಡಿ. ಲೋಗೋ, ತಿರುಗುವ ತಕ್ಕಡಿ, ಕಣ್ಣಿಗೆ ಬಟ್ಟೆ ಕಟ್ಟಿದ ದೇವತೆಯ ಚಿತ್ರ ಯಾವುದೂ ಬೇಡ. ಘಟ್ಟದ ಕಡೆ ಸಿಗ್ನಲ್ ಒಂದೇ ಕಡ್ಡಿ ಇರುವಲ್ಲಿ ಭಾರದ ಸೈಟ್ ತೆರೆಯುವುದೇ ಇಲ್ಲ.

ಗೂಗಲ್ ಮ್ಯಾಪ್‌ನಲ್ಲಿ ಆಫೀಸ್ ಹೆಸರು ಹಾಕಿದ್ರೆ ಅದೂ ಜಾಹೀರಾತು ಆಗುತ್ತಾ?

2008ರ ವಿನಾಯಿತಿಯಲ್ಲಿ ಹೇಳಿರುವುದು ವೆಬ್‌ಸೈಟ್ ಅಂತ, ಮ್ಯಾಪ್ ಅನ್ನುವ ಮಾತು ಅದರಲ್ಲಿಲ್ಲ. ಹಾಗಾಗಿ ಮ್ಯಾಪನ್ನು ನಾಮಫಲಕದಂತೆ ಬಳಸಿ ಅನ್ನುವುದು ನನ್ನ ಸಲಹೆ. ಹೆಸರು, ವಿಳಾಸ, ಫೋನ್, ಕಚೇರಿ ಸಮಯ ಹಾಕಿ ಅಲ್ಲಿಗೇ ನಿಲ್ಲಿಸಿ. ಕೊಡುಗೆ, ಪೋಸ್ಟ್, ಹಬ್ಬದ ಶುಭಾಶಯ ಬೇಡ. ಹೆಸರಿನ ಜಾಗದಲ್ಲಿ "ಹಾಸನದ ಅತ್ಯುತ್ತಮ ಸಿವಿಲ್ ವಕೀಲರು" ಅಂತ ತುರುಕುವುದು ಪರಿಷತ್ತಿನ ನಿಯಮಕ್ಕೂ ವಿರುದ್ಧ, ಗೂಗಲ್‌ನ ನಿಯಮಕ್ಕೂ ವಿರುದ್ಧ. ಬೋರ್ಡ್ ಮೇಲೆ ಇರುವ ಹೆಸರೇ ಅಲ್ಲೂ ಇರಬೇಕು.

ಗುರುತು ಸರಿಯಾದ ಜಾಗದಲ್ಲಿ ಬಿದ್ದಿದೆಯೇ ಅಂತ ನೀವೇ ಹೋಗಿ ನೋಡಿ. ನಮ್ಮ ಕಚೇರಿಯ ಗುರುತು ಮೊದಲು ರೈಲು ಹಳಿಯ ಆಚೆ ಬದಿಗೆ ಬಿದ್ದಿತ್ತು. ಅರಕಲಗೂಡು ಕಡೆಯಿಂದ ಬಂದ ಒಬ್ಬ ಅಜ್ಜಿ, ಎದೆಗೆ ಅವಚಿಕೊಂಡ ಪ್ಲಾಸ್ಟಿಕ್ ಕವರ್‌ನಲ್ಲಿ ಹಳೇ ಕ್ರಯಪತ್ರ, ಕೈಬರಹದ ಪಹಣಿ ಇಟ್ಟುಕೊಂಡು, ಮೊಮ್ಮಗನ ಜೊತೆ ಮುಕ್ಕಾಲು ಗಂಟೆ ಬಿಸಿಲಲ್ಲಿ ಸುತ್ತಿ ನಮ್ಮ ಮೆಟ್ಟಿಲು ಹತ್ತಿದರು. ನೀರು ಕುಡಿದು ಕೂತ ಮೇಲೆ ಆ ಹುಡುಗ ಫೋನ್ ತೋರಿಸಿದ. ನಮ್ಮದೇ ತಪ್ಪು. ಅವತ್ತು ಸಂಜೆಯೇ ಹೋಗಿ ಬಾಗಿಲ ಮುಂದೆ ನಿಂತು ಗುರುತು ಸರಿ ಮಾಡಿದೆ. ಮ್ಯಾಪ್ ಒಂದನ್ನೇ ನಂಬದೆ "ಇಂಥ ಬ್ಯಾಂಕಿನ ಮೇಲಿನ ಮಹಡಿ, ಮೆಟ್ಟಿಲು ಪಕ್ಕದ ಓಣಿಯಲ್ಲಿ" ಅಂತ ಮಾತಿನಲ್ಲೂ ಬರೆದಿಡಿ.

## ಬರವಣಿಗೆ

ಸೈಟ್ ಕನ್ನಡದಲ್ಲಿ ಬೇಕಾ, ಇಂಗ್ಲಿಷ್‌ನಲ್ಲಿ ಬೇಕಾ?

ಎರಡರಲ್ಲೂ ಬೇಕು, ಆದರೆ ಕನ್ನಡ ಮೊದಲು. ಹೋಲಿಸಿ ನೋಡಿ: "ಸಕ್ಸೆಷನ್ ಅಂಡ್ ಪಾರ್ಟಿಷನ್ ಮ್ಯಾಟರ್ಸ್" ಅಂತ ಹುಡುಕುವವರು ನಮ್ಮ ತಾಲ್ಲೂಕುಗಳಲ್ಲಿ ಇಲ್ಲ. ಅವರ ಬಾಯಲ್ಲಿ ಇರುವುದು ಪೌತಿ ಖಾತೆ, ಪಾಲು, ಪೋಡಿ, ದರಖಾಸ್ತು ಜಮೀನು, ಬಗರ್ ಹುಕುಂ, ಚೆಕ್ ಬೌನ್ಸ್, ಜೀವನಾಂಶ, ಆಕ್ಸಿಡೆಂಟ್ ಪರಿಹಾರ. ಟೈಪ್ ಮಾಡಲು ಬಾರದವರು ಮೈಕ್ ಒತ್ತಿ ಇದೇ ಮಾತು ಹೇಳುತ್ತಾರೆ. ಕಚೇರಿಗೆ ಬಂದವರು ಮೊದಲ ವಾಕ್ಯದಲ್ಲಿ ಏನಂದರು ಅಂತ ಒಂದು ತಿಂಗಳು ಗುಮಾಸ್ತರ ಕೈಲಿ ಬರೆಸಿ. "ನಮ್ಮಣ್ಣ ನನಗೆ ಗೊತ್ತಿಲ್ದಂಗೆ ಖಾತೆ ಮಾಡಿಸ್ಕೊಂಡ", "ಕಾಡಾನೆ ತೋಟ ಹಾಳು ಮಾಡಿದೆ, ಪರಿಹಾರ ಕಮ್ಮಿ ಬಂತು". ನಿಮ್ಮ ಪುಟಗಳ ಶೀರ್ಷಿಕೆ ಅಲ್ಲೇ ಇದೆ.

ಇಂಗ್ಲಿಷ್ ಪುಟ ಬೇಕಾಗುವುದು ಬೆಂಗಳೂರಲ್ಲಿ, ಹೊರದೇಶದಲ್ಲಿ ಕೂತು ಊರಿನ ಆಸ್ತಿ ನೋಡಿಕೊಳ್ಳುವ ಮಕ್ಕಳಿಗೆ.

ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದನ್ನ ಸೈಟಿಗೆ ಹಾಕಿದ್ರೆ ಏನೇನೋ ಅಕ್ಷರ ಬರುತ್ತಲ್ಲ?

ದಾವೆ, ತಕರಾರು ಎಲ್ಲ ನುಡಿಯ ಹಳೇ ಆಸ್ಕಿ ಫಾಂಟ್‌ನಲ್ಲೇ ಟೈಪ್ ಆಗಿರುವ ಕಚೇರಿಗಳಲ್ಲಿ ಇದು ದಿನದ ಗೋಳು. ಆ ಫಾಂಟ್‌ನಲ್ಲಿ ಕಂಪ್ಯೂಟರ್ ಒಳಗೆ ಕೂತಿರುವುದು ಇಂಗ್ಲಿಷ್ ಚಿಹ್ನೆಗಳು, ಮೇಲೆ ಕನ್ನಡದ ವೇಷ. ಫಾಂಟ್ ಇಲ್ಲದ ಮೊಬೈಲ್‌ನಲ್ಲಿ ವೇಷ ಕಳಚುತ್ತದೆ, ಗೂಗಲ್‌ಗಂತೂ ಒಂದಕ್ಷರವೂ ತಿಳಿಯುವುದಿಲ್ಲ. ಆಸ್ಕಿಯಿಂದ, ಎಲ್ಲ ಮೊಬೈಲ್‌ಗಳೂ ಓದುವ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಕಣ್ಣಿಟ್ಟು ಓದಿ. ಸರ್ವೆ ನಂಬರ್‌ನಲ್ಲಿ ಒಂದು ಅಂಕಿ ಹೆಚ್ಚುಕಮ್ಮಿ ಆದರೂ ಓದುವವರಿಗೆ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ. ಹೊಸದಾಗಿ ಟೈಪ್ ಮಾಡುವುದನ್ನು ಯೂನಿಕೋಡ್‌ನಲ್ಲೇ ಶುರು ಮಾಡಿ, ಕೀಲಿಮಣೆ ವಿನ್ಯಾಸ ಅದೇ ಇರುತ್ತದೆ, ಗುಮಾಸ್ತರು ಹೊಸದು ಕಲಿಯಬೇಕಿಲ್ಲ.

ಕಾನೂನು ಎಲ್ಲಾ ಅಲ್ಲೇ ಬರೆದುಬಿಟ್ರೆ ನಮ್ಮ ಹತ್ರ ಯಾಕೆ ಬರ್ತಾರೆ?

ಬರುತ್ತಾರೆ, ಕಾಗದ ಸಮೇತ ಸಮಯಕ್ಕೆ ಸರಿಯಾಗಿ ಬರುತ್ತಾರೆ. ಚೆಕ್ ಬೌನ್ಸ್ ಬಗ್ಗೆ ಹೀಗೆ ಬರೆಯಿರಿ:

"ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ಸಿಕ್ಕ 30 ದಿನದೊಳಗೆ ಚೆಕ್ ಕೊಟ್ಟವರಿಗೆ ಲಿಖಿತ ನೋಟಿಸ್ ಕಳಿಸಬೇಕು. ನೋಟಿಸ್ ತಲುಪಿದ 15 ದಿನದಲ್ಲಿ ಹಣ ಬಾರದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ನ್ಯಾಯಾಲಯದಲ್ಲಿ ದೂರು ಕೊಡಬೇಕು. ಮೂಲ ಚೆಕ್, ಬ್ಯಾಂಕಿನ ಮೆಮೊ, ಹಣ ಕೊಟ್ಟದ್ದಕ್ಕೆ ದಾಖಲೆ ಜೋಪಾನವಾಗಿರಲಿ."

ಅಡಿಕೆ ವ್ಯಾಪಾರದಲ್ಲಿ ಚೆಕ್ ತಗೊಂಡು, "ಮುಂದಿನ ವಾರ ಕೊಡ್ತೀನಿ" ಅನ್ನುವ ಮಾತು ನಂಬಿ ಎರಡು ತಿಂಗಳು ಕಳೆದು ಬಂದವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಈ ನಾಲ್ಕು ಸಾಲು ಮೊದಲೇ ಕಣ್ಣಿಗೆ ಬಿದ್ದಿದ್ದರೆ ಅವರ ದುಡ್ಡು ಉಳಿಯುತ್ತಿತ್ತು. ಇಂಥ ಬರಹ ನಿಯಮದ ಪಟ್ಟಿಯಲ್ಲಿ ಹೆಸರಿಟ್ಟು ಹೇಳಿದ್ದಲ್ಲ ಅನ್ನುವುದು ನೆನಪಿರಲಿ. ಆದ್ದರಿಂದ ಕಾನೂನು ತಿಳಿಸಿ ಅಲ್ಲಿಗೇ ಮುಗಿಸಿ, "ಈಗಲೇ ಕರೆ ಮಾಡಿ" ಅಂತ ಕೊನೆಯಲ್ಲಿ ಸೇರಿಸಬೇಡಿ. ಉಚಿತ ಕಾನೂನು ನೆರವಿನ ಸಹಾಯವಾಣಿ 15100 ಅನ್ನೂ ಪುಟದಲ್ಲಿ ಹಾಕಿ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು 1987ರ ಕಾಯ್ದೆಯಡಿ ಅದಕ್ಕೆ ಹಕ್ಕುದಾರರು. ಫೀ ಕೊಡಲಾಗದವರಿಗೆ ಅದಾದರೂ ದಾರಿಯಾಗುತ್ತದೆ.

ಈಗ ಎಐ ಇದೆಯಲ್ಲ, ಅದರ ಕೈಲೇ ಬರೆಸಿದ್ರೆ ಆಗಲ್ವಾ?

ಕರಡಿಗೆ ಬಳಸಿ, ಆದರೆ ಪ್ರತಿ ಕಲಂ, ಪ್ರತಿ ತೀರ್ಪು ತೆಗೆದು ನೋಡದೆ ಪ್ರಕಟಿಸಬೇಡಿ. ನಮ್ಮ ಜೂನಿಯರ್ ಒಬ್ಬರು ಹೆಣ್ಣುಮಕ್ಕಳ ಪಾಲಿನ ಬಗ್ಗೆ ಬರೆಸಿದ ಕರಡಿನಲ್ಲಿ "2005ರ ಸೆಪ್ಟೆಂಬರ್ 9ಕ್ಕೆ ತಂದೆ ಬದುಕಿದ್ದರೆ ಮಾತ್ರ" ಅಂತ ಇತ್ತು; ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟ ತಿದ್ದುಪಡಿ ಜಾರಿಗೆ ಬಂದ ದಿನ ಅದು. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಆ ಷರತ್ತು ಬೇಡ ಅಂದಿದೆ. ಆ ಸಾಲು ಹಾಗೇ ಹೋಗಿದ್ದರೆ ಎಷ್ಟು ಅಕ್ಕತಂಗಿಯರು ಓದಿ ಸುಮ್ಮನಾಗುತ್ತಿದ್ದರೋ. ಹಳೇ ಪುಟಗಳನ್ನೂ ನೋಡಿಕೊಳ್ಳಿ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಇನ್ನೂ ಐಪಿಸಿ ಕಲಂಗಳನ್ನೇ ಹೊತ್ತ ಪುಟ ನಿಮ್ಮ ಹೆಸರಲ್ಲಿ ಇರಬಾರದು.

## ಫೋನ್ ಬಂದಾಗ

ಹನ್ನೊಂದರಿಂದ ಕೋರ್ಟಲ್ಲೇ ಇರ್ತೀವಿ. ಕರೆ ತಗೊಳ್ಳೋದು ಹೇಗೆ?

ನನ್ನ ಪ್ರಕಾರ ಸಣ್ಣ ಕಚೇರಿಗಳು ಕಕ್ಷಿದಾರರನ್ನು ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ. ಎಷ್ಟು ಚೆನ್ನಾಗಿ ಸೈಟ್ ಮಾಡಿಸಿದರೂ, ತೋಟದ ಕೆಲಸ ಬಿಟ್ಟು ಸಿಗ್ನಲ್ ಸಿಗುವ ಗುಡ್ಡಕ್ಕೆ ಬಂದು ಮಾಡಿದ ಕರೆಗೆ ಯಾರೂ ಉತ್ತರ ಕೊಡದಿದ್ದರೆ ಎಲ್ಲ ದಂಡ. ಸೈಟ್‌ನಲ್ಲಿ ಕಚೇರಿಯ ನಂಬರ್ ಮಾತ್ರ ಕೊಡಿ, ಅದು ಗುಮಾಸ್ತರ ಹತ್ತಿರ ಇರಲಿ. ವಾಟ್ಸಾಪ್ ಬಿಸಿನೆಸ್‌ನಲ್ಲಿ ತಾನಾಗಿ ಹೋಗುವ ಉತ್ತರ ಇಡಬಹುದು. ನಮ್ಮದು ಹೀಗಿದೆ:

"ನಮಸ್ಕಾರ. ವಕೀಲರು ನ್ಯಾಯಾಲಯದಲ್ಲಿದ್ದಾರೆ. ಸಂಜೆ 5.30ರಿಂದ 8ರೊಳಗೆ ನಾವೇ ಕರೆ ಮಾಡುತ್ತೇವೆ. ನಿಮ್ಮ ಹೆಸರು, ಊರು, ತಾಲ್ಲೂಕು, ಎದುರು ಪಕ್ಷದವರ ಹೆಸರು, ಕೇಸ್ ಈಗಾಗಲೇ ಇದ್ದರೆ ಮುಂದಿನ ದಿನಾಂಕ ಕಳಿಸಿ. ದಾಖಲೆಗಳ ಫೋಟೊ ಈಗ ಬೇಡ. ಪೊಲೀಸ್ ವಿಷಯ, ತುರ್ತು ಅಂದರೆ 'ತುರ್ತು' ಅಂತ ಬರೆಯಿರಿ."

ಸಂಜೆ ಕರೆ ಮಾಡುತ್ತೇವೆ ಅಂದ ಮೇಲೆ ಮಾಡಲೇಬೇಕು. ಕೇಸ್ ತೆಗೆದುಕೊಳ್ಳಲು ಆಗದಿದ್ದರೂ ಕರೆ ಮಾಡಿ ಹೇಳಿ. ನಾನು ಬೇಡವೆಂದು ಬೇರೆಯವರ ಹತ್ತಿರ ಕಳಿಸಿದ ಕಾಫಿ ಬೆಳೆಗಾರರೊಬ್ಬರು ಎರಡು ವರ್ಷದ ಮೇಲೆ ತಮ್ಮ ಅಕ್ಕನ ಕೇಸ್ ತಂದುಕೊಟ್ಟರು.

ಎದುರು ಪಕ್ಷದ ಹೆಸರು ಮೊದಲೇ ಯಾಕೆ ಕೇಳ್ಬೇಕು? ಜನ ಹೆದರ್ಕೊಳ್ಳಲ್ವಾ?

ಊರು ಚಿಕ್ಕದು. ಪಾಲಿನ ಜಗಳದಲ್ಲಿ ಅಣ್ಣ ಬೆಳಿಗ್ಗೆ ಫೋನ್ ಮಾಡಿದರೆ ತಮ್ಮ ಮಧ್ಯಾಹ್ನ ಅದೇ ನಂಬರಿಗೆ ಮಾಡುತ್ತಾನೆ. ಒಂದು ಪಕ್ಷಕ್ಕೆ ಸಲಹೆ ಕೊಟ್ಟ ಮೇಲೆ ಅದೇ ವಿಷಯದಲ್ಲಿ ಎದುರು ಪಕ್ಷಕ್ಕೆ ನಿಲ್ಲುವಂತಿಲ್ಲ ಅನ್ನುವುದು ನಿಯಮ 33. ಪೂರ್ತಿ ಕಥೆ ಕೇಳಿ, ದಾಖಲೆಯ ಫೋಟೊ ನೋಡಿದ ಮೇಲೆ "ಅಯ್ಯೋ, ಇವರ ಅಣ್ಣ ನಮ್ಮ ಕಕ್ಷಿದಾರ" ಅಂತ ಗೊತ್ತಾದರೆ ಇಬ್ಬರನ್ನೂ ಬಿಡಬೇಕಾದ ಸ್ಥಿತಿ ಬರುತ್ತದೆ. ವಾಟ್ಸಾಪ್‌ನಲ್ಲಿ ಬಂದದ್ದನ್ನು ನೋಡಿಲ್ಲ ಅನ್ನಲೂ ಆಗುವುದಿಲ್ಲ, ನೀಲಿ ಗೆರೆ ಬಿದ್ದಿರುತ್ತದೆ.

ಗುಮಾಸ್ತರ ಹತ್ತಿರ ಹೆಸರು, ಊರು, ಸರ್ವೆ ನಂಬರ್‌ಗಳ ಒಂದು ಪಟ್ಟಿ ಇರಲಿ. ಮೊದಲು ಅದರಲ್ಲಿ ನೋಡಿ, ಆಮೇಲೆ ಕಥೆ ಕೇಳಿ. ಜನ ಹೆದರುವುದಿಲ್ಲ. "ನಿಮ್ಮ ಎದುರಾಳಿ ನಮ್ಮಲ್ಲಿಗೆ ಮೊದಲೇ ಬಂದಿದ್ದರೆ ನಿಮಗೇ ತೊಂದರೆ, ಅದಕ್ಕೆ ಕೇಳ್ತಿದ್ದೀವಿ" ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಬೆಂಗಳೂರು, ಅಮೆರಿಕದಲ್ಲಿ ಇರೋರು ಇಲ್ಲಿನ ತೋಟದ ವಿಷಯಕ್ಕೆ ಸಿಕ್ತಾರಾ?

ಸಿಗುತ್ತಾರೆ. ಇಂಟರ್‌ನೆಟ್‌ನಿಂದಲೇ ಹುಡುಕಿ ಬರುವವರು ನಿಜವಾಗಿ ಇವರೇ. ಇವರಿಗೆ ಬೇಕಾದದ್ದು ವಿಡಿಯೊ ಕರೆಗೆ ಸಮಯ ಮತ್ತು ಪ್ರತಿ ವಾಯಿದೆಯ ನಂತರ ಎರಡು ಸಾಲಿನ ಇಮೇಲ್. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ತಮ್ಮ ಕೇಸನ್ನು, ಪ್ರತಿ ಕೇಸಿಗೂ ಇರುವ 16 ಅಂಕಿ ಅಕ್ಷರಗಳ ಸಿಎನ್‌ಆರ್ ಸಂಖ್ಯೆಯಿಂದ ನೋಡುವುದು ಹೇಗೆ ಅಂತ ಮೊದಲ ದಿನವೇ ಹೇಳಿಕೊಡಿ. ಹೊರದೇಶದಲ್ಲಿ ಬರೆದ ಅಧಿಕಾರಪತ್ರ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಇದೊಂದು ಮಾತು ನಿಮ್ಮ ಇಂಗ್ಲಿಷ್ ಪುಟದಲ್ಲಿದ್ದರೆ ಕೆಲಸ ಗೊತ್ತಿದ್ದವರು ಅಂತ ಅವರಿಗೆ ತಿಳಿಯುತ್ತದೆ.

## ಎಡವುವ ಜಾಗಗಳು

ತಿಂಗಳಿಗೆ ಇಷ್ಟು ಕೊಡಿ, ಇಷ್ಟು ಕಕ್ಷಿದಾರರನ್ನ ಕಳಿಸ್ತೀವಿ ಅಂತ ಫೋನ್ ಬರುತ್ತೆ. ಒಪ್ಕೊಳ್ಳಬಹುದಾ?

ಬೇಡ. 2024ರ ಜುಲೈ 3ರಂದು ಮದ್ರಾಸ್ ಹೈಕೋರ್ಟ್ ಇಂಥ ಜಾಲತಾಣಗಳ ಮೂಲಕ ಕೆಲಸ ಹಿಡಿಯುವ ವಕೀಲರ ಮೇಲೆ ಶಿಸ್ತುಕ್ರಮ ಆಗಬೇಕು ಅಂತ ನಿರ್ದೇಶನ ಕೊಟ್ಟಿತು. ಅದರ ಬೆನ್ನಿಗೇ ಭಾರತೀಯ ವಕೀಲರ ಪರಿಷತ್ತು ಎಲ್ಲ ರಾಜ್ಯ ಪರಿಷತ್ತುಗಳಿಗೂ ತಿಳಿಸಿತು. ಕೋರ್ಟ್ ಗೇಟಿನಲ್ಲಿ ನಿಂತು ಕಕ್ಷಿದಾರರ ಕೈ ಹಿಡಿದೆಳೆಯುವವರನ್ನು ನಾವು ದಲ್ಲಾಳಿ ಅನ್ನುತ್ತೇವೆ. ಫೋನ್ ನಂಬರ್ ಮಾರುವವರೂ ಮಾಡುವುದು ಅದೇ ಕೆಲಸ. ಗೂಗಲ್‌ಗೆ ದುಡ್ಡು ಕೊಟ್ಟು ಮೇಲೆ ಬರುವ ಜಾಹೀರಾತಿಗೂ ಇದೇ ಉತ್ತರ.

ರೀಲ್ಸ್ ಮಾಡಿ ಫೇಮಸ್ ಆದೋರು ಇದ್ದಾರಲ್ಲ, ನಾವೂ ಮಾಡೋಣ್ವಾ?

2025ರ ಮಾರ್ಚ್‌ನಲ್ಲಿ ಪರಿಷತ್ತು ಇದೇ ವಿಷಯಕ್ಕೆ ಎಚ್ಚರಿಕೆ ಹೊರಡಿಸಿದೆ. ನಟರನ್ನು, ಇನ್‌ಫ್ಲುಯೆನ್ಸರ್‌ಗಳನ್ನು ಇಟ್ಟುಕೊಂಡು ಪ್ರಚಾರ ಕೂಡದು, ಧಾರ್ಮಿಕ ಸಾರ್ವಜನಿಕ ಸಮಾರಂಭಗಳಲ್ಲಿ ಸ್ವಂತ ಪ್ರಚಾರದ ಬ್ಯಾನರ್ ಕೂಡದು ಅಂತ. ಹಾಸನಾಂಬೆಯ ಬಾಗಿಲು ತೆರೆದಾಗ "ಭಕ್ತರಿಗೆ ಸ್ವಾಗತ" ಅಂತ ಕೋಟು ಹಾಕಿದ ಫೋಟೊ, ಫೋನ್ ನಂಬರ್ ಸಮೇತ ಫ್ಲೆಕ್ಸ್ ಕಟ್ಟಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ವಕೀಲರ ಕೊರಳಿನ ಬ್ಯಾಂಡ್, ಗೌನ್ ತೊಟ್ಟು ಪೇಟೆಯಲ್ಲಿ ನಿಂತು ಚಿತ್ರೀಕರಿಸುವುದಕ್ಕೂ ನಿಯಮ ಅಡ್ಡ ಬರುತ್ತದೆ. ಹೈಕೋರ್ಟ್ ನೇರಪ್ರಸಾರದ ತುಣುಕು ಕತ್ತರಿಸಿ ಹಾಕುವುದಂತೂ ಬೇಡವೇ ಬೇಡ, ಕರ್ನಾಟಕದ ನೇರಪ್ರಸಾರ ನಿಯಮಗಳು ಅದನ್ನು ತಡೆದಿವೆ.

ಕಾನೂನು ತಿಳಿಸುವ ಸಾದಾ ವಿಡಿಯೊ ಮಾಡುವುದಾದರೆ ಸಂಗೀತ, ಫೋನ್ ನಂಬರ್, ನಡೆಯುತ್ತಿರುವ ಕೇಸಿನ ಮಾತು ಮೂರೂ ಇರಬಾರದು.

ಗೆದ್ದ ಕೇಸ್, ಜಾಮೀನು ಸಿಕ್ಕಿದ್ದು ಫೇಸ್‌ಬುಕ್‌ಗೆ ಹಾಕಬಹುದಾ?

ಹಾಕಬೇಡಿ. ತಾನು ನಡೆಸಿದ ಪ್ರಕರಣದ ಬಗ್ಗೆ ಸುದ್ದಿ ಬರೆಸುವುದು, ಫೋಟೊ ಹಾಕಿಸುವುದು ನಿಯಮ 36ರಲ್ಲೇ ಹೆಸರಿಟ್ಟು ನಿಷೇಧವಾಗಿದೆ. ಅದಕ್ಕಿಂತ ದೊಡ್ಡದು ಕಕ್ಷಿದಾರರ ಗುಟ್ಟು. ಹೆಸರು ಬರೆಯದಿದ್ದರೂ "ಆಲೂರು ತಾಲ್ಲೂಕಿನ ವಿಚ್ಛೇದನ ಪ್ರಕರಣ" ಅಂದರೆ ಸಾಕು, ಇಡೀ ಹೋಬಳಿಗೆ ಯಾರು ಅಂತ ಗೊತ್ತಾಗುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪೋಕ್ಸೊ ಪ್ರಕರಣದಲ್ಲಿ ಮಗುವಿನ ಸುಳಿವು ಹೊರಬಿದ್ದರೆ ಅದು ಅಪರಾಧ.

ಗೂಗಲ್‌ನಲ್ಲಿ ಒಬ್ರು ಒಂದೇ ಸ್ಟಾರ್ ಕೊಟ್ಟು ಬೈದು ಬರೆದಿದ್ದಾರೆ. ಉತ್ತರ ಕೊಡ್ಲಾ?

ಸಿಟ್ಟು ಇಳಿಯುವವರೆಗೆ ಬೇಡ. "ನೀವು ಮೂರು ವಾಯಿದೆಗೆ ಬರಲೇ ಇಲ್ಲ, ಫೀ ಬಾಕಿ ಇಟ್ಟಿರಿ" ಅಂತ ಬರೆದರೆ ಅವರು ನಿಮ್ಮ ಕಕ್ಷಿದಾರರು ಅನ್ನುವುದನ್ನೂ, ಕೇಸಿನ ಒಳವಿಷಯವನ್ನೂ ನೀವೇ ಬಯಲು ಮಾಡಿದಂತೆ. ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಕಾಪಾಡುವ ಗುಟ್ಟು ಕೇಸ್ ಮುಗಿದ ಮೇಲೂ ಉಳಿಯುತ್ತದೆ. ಕೊಡುವುದಾದರೆ ಒಂದೇ ಸಾಲು: "ವೃತ್ತಿಯ ಗೋಪ್ಯತೆಯಿಂದಾಗಿ ಇಲ್ಲಿ ಏನನ್ನೂ ಹೇಳಲಾಗದು, ದಯವಿಟ್ಟು ಕಚೇರಿಗೆ ಬನ್ನಿ." ಒಳ್ಳೆಯ ವಿಮರ್ಶೆ ಬರೆಯಿರಿ ಅಂತ ಕಕ್ಷಿದಾರರನ್ನು ಕೇಳುವುದೂ ನನಗೆ ಸರಿ ಕಾಣುವುದಿಲ್ಲ. ತಾವಾಗಿ ಬರೆದರೆ ಬರೆಯಲಿ.

ಸೈಟ್ ಮಾಡಿಕೊಟ್ಟವ್ರು ಈಗ ಫೋನೇ ಎತ್ತಲ್ಲ. ಏನ್ ಮಾಡೋದು?

ನನಗೂ ಆಗಿದೆ. ಮೊದಲ ಸೈಟನ್ನು ಒಬ್ಬರ ಕೈಲಿ ಮಾಡಿಸಿದ್ದೆ. ಡೊಮೈನ್ ಅವರ ಹೆಸರಲ್ಲಿ, ಪಾಸ್‌ವರ್ಡ್ ಅವರ ಬಳಿ. ನನಗೆ ತಿಳಿಸದೆ "ನಂಬರ್ 1 ವಕೀಲರು" ಅಂತ ಮುಖಪುಟದಲ್ಲಿ ಬರೆದಿದ್ದರು. ಹಿರಿಯರೊಬ್ಬರು ಸಂಘದಲ್ಲಿ ಪಕ್ಕಕ್ಕೆ ಕರೆದು ಹೇಳುವವರೆಗೆ ನಾನು ನೋಡಿರಲಿಲ್ಲ. ತೆಗೆಸಲು ಮೂರು ವಾರ ಓಡಾಡಿದೆ, ಆ ಹೆಸರು ಕೊನೆಗೂ ಕೈಗೆ ಬರಲಿಲ್ಲ. ಡೊಮೈನ್ ನಿಮ್ಮ ಹೆಸರು, ನಿಮ್ಮ ಇಮೇಲ್, ನಿಮ್ಮ ದುಡ್ಡಿನಲ್ಲೇ ಇರಲಿ. ಮಾಡಿಕೊಡುವವರಿಗೆ ಕೆಲಸ ಮುಗಿಯುವವರೆಗೆ ಮಾತ್ರ ಪ್ರವೇಶ ಕೊಡಿ. ಏನೇ ಪ್ರಕಟವಾಗುವ ಮುಂಚೆ ನೀವೇ ಓದಿ. ತಪ್ಪಾದರೆ ಪರಿಷತ್ತಿನ ಮುಂದೆ ನಿಲ್ಲಬೇಕಾದವರು ನೀವು. "ಇದು ಜಾಹೀರಾತಲ್ಲ" ಅಂತ ಸೈಟ್ ತೆರೆದಾಗ ಒಂದು ಪೆಟ್ಟಿಗೆ ಬರಿಸಿದ ಮಾತ್ರಕ್ಕೆ ಒಳಗಿನ ತಪ್ಪು ಮಾಫಿ ಆಗುವುದಿಲ್ಲ.

ಇಷ್ಟೆಲ್ಲಾ ಮಾಡಿ ಉಪಯೋಗ ಆಗ್ತಿದೆಯಾ ಅಂತ ಗೊತ್ತಾಗೋದು ಹೇಗೆ?

ಗುಮಾಸ್ತರ ಮೇಜಿನ ಮೇಲೆ ಒಂದು ನೋಟ್‌ಬುಕ್. ಹೊಸದಾಗಿ ಬಂದವರಿಗೆಲ್ಲ ಎರಡು ಪ್ರಶ್ನೆ: ನಮ್ಮ ಹೆಸರು ಯಾರು ಹೇಳಿದರು, ವಿಳಾಸ ಹೇಗೆ ಸಿಕ್ಕಿತು. ನಮ್ಮ ಪುಸ್ತಕದಲ್ಲಿ ಮೊದಲ ಉತ್ತರ ಹೆಚ್ಚಾಗಿ ಯಾರಾದರೂ ಒಬ್ಬ ಮನುಷ್ಯರು, ಎರಡನೆಯದು ಹೆಚ್ಚಾಗಿ ಫೋನ್. ಎಷ್ಟು ಜನ ಸೈಟ್ ನೋಡಿದರು ಅನ್ನುವ ಲೆಕ್ಕಕ್ಕಿಂತ ಈ ನೋಟ್‌ಬುಕ್ ನನಗೆ ಕೆಲಸಕ್ಕೆ ಬಂದಿದೆ.

ನಾನು ಈಗಷ್ಟೇ ಸನ್ನದು ತಗೊಂಡಿದ್ದೀನಿ ಮೇಡಂ, ಹೆಸರೇ ಇಲ್ಲ. ಚಿಕ್ಕಮಗಳೂರಲ್ಲಿ ಒಬ್ಳೇ ಆಫೀಸ್ ಮಾಡಿದ್ರೆ ನಡೆಯುತ್ತಾ?

ನಡೆಯುತ್ತದೆ, ನಿಧಾನವಾಗಿ. ಒಂದೇ ವಿಷಯ ಹಿಡಿಯಿರಿ. ಜೀವನಾಂಶವೋ, ಪೌತಿ ಖಾತೆಯ ತಕರಾರೋ. ತಿಂಗಳಿಗೆ ಒಂದು ಪುಟ ಕನ್ನಡದಲ್ಲಿ ಬರೆಯಿರಿ, ಪ್ರಕಟಿಸುವ ಮುಂಚೆ ಹಿರಿಯರೊಬ್ಬರಿಗೆ ತೋರಿಸಿ. ಕಾನೂನು ಸೇವಾ ಪ್ರಾಧಿಕಾರದ ಪ್ಯಾನಲ್‌ಗೆ ಅರ್ಜಿ ಹಾಕಿ, ಅಲ್ಲಿ ಕೆಲಸವೂ ಸಿಗುತ್ತದೆ, ಜನರ ಮಾತೂ ಕಿವಿಗೆ ಬೀಳುತ್ತದೆ. ಕಳಸ, ಶೃಂಗೇರಿ ಕಡೆಯಿಂದ ಬೆಳಗಿನ ಬಸ್ಸಿಗೆ ಬರುವ ಹೆಂಗಸರಲ್ಲಿ ಎಷ್ಟೋ ಜನ ಮಹಿಳಾ ವಕೀಲರನ್ನೇ ಹುಡುಕುತ್ತಾರೆ. ನಿಮ್ಮ ಪುಟದಲ್ಲಿ ಹೆಸರು, ವಿಳಾಸ, ಸನ್ನದು ಸಂಖ್ಯೆಯ ಜೊತೆಗೆ ಕಚೇರಿ ಎಷ್ಟು ಹೊತ್ತಿಗೆ ತೆರೆಯುತ್ತದೆ ಅನ್ನುವುದನ್ನು ಸ್ಪಷ್ಟವಾಗಿ ಬರೆಯಿರಿ. ಬೆಳಿಗ್ಗೆ ಒಂಬತ್ತಕ್ಕೆ ಅಂತ ಬರೆದಿದ್ದರೆ ಒಂಬತ್ತಕ್ಕೆ ಬೀಗ ತೆಗೆದಿರಲಿ.